ಗುತ್ತಿಗೆಗೆ ಕೊಟ್ಟ ಕಿವಿ: ವಿಶ್ವವಿದ್ಯಾಲಯ ಮತ್ತು ಅದರ ನಿವೃತ್ತರ ಆರೋಗ್ಯ



ಇಂದಿನ ವಿಷಯ ಮೇಲ್ನೋಟಕ್ಕೆ ಒಣ ಕಚೇರಿ ವ್ಯವಹಾರದಂತೆ ಕಾಣುತ್ತದೆ. ಅಮೆರಿಕದ ಸಾರ್ವಜನಿಕ ವಿಶ್ವವಿದ್ಯಾಲಯವೊಂದು ತನ್ನ ನಿವೃತ್ತ ಅಧ್ಯಾಪಕರಿಗೂ ನೌಕರರಿಗೂ ಆರೋಗ್ಯ ವಿಮೆಯ ಸೌಲಭ್ಯ ಕೊಡುತ್ತದೆ. ಆ ಸೌಲಭ್ಯದ ಬಗ್ಗೆ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವ, ಯೋಜನೆ ಆರಿಸಿಕೊಳ್ಳಲು ನೆರವಾಗುವ, ಬಿಲ್ಲಿನ ತಕರಾರು ಬಗೆಹರಿಸುವ ಕೆಲಸವನ್ನು ಹೊರಗಿನ ಕಂಪನಿಯೊಂದಕ್ಕೆ ಗುತ್ತಿಗೆ ಕೊಡುತ್ತದೆ. ಹಣ ಕೊಡುವುದನ್ನು ನಿಲ್ಲಿಸಿಲ್ಲ, ವಿಮೆಯನ್ನು ಕಿತ್ತುಕೊಂಡಿಲ್ಲ, ಫೋನು ಎತ್ತುವವರು ಬದಲಾಗಿದ್ದಾರೆ ಅಷ್ಟೆ. ಆಡಳಿತದವರು ಸಾಮಾನ್ಯವಾಗಿ ಕೊಡುವ ವಿವರಣೆ ಇದು, ಮತ್ತು ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅಲ್ಲಿನ ವೃದ್ಧರ ಆರೋಗ್ಯ ವ್ಯವಸ್ಥೆ ಕಟ್ಟಲ್ಪಟ್ಟಿರುವ ರೀತಿಯನ್ನು ನೋಡಿದರೆ, ಫೋನು ಎತ್ತುವವರನ್ನು ಸೌಲಭ್ಯದಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ. ತಿಳಿದವರು ಪಕ್ಕದಲ್ಲಿಲ್ಲದಿದ್ದರೆ ಸೌಲಭ್ಯ ಕಾಗದದ ಮೇಲಷ್ಟೇ ಉಳಿಯುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ದೂರು ಕೇಳಿಸಿಕೊಳ್ಳುವ ಕೆಲಸವನ್ನು ಹೊರಗೆ ಕೊಟ್ಟ ಸಂಸ್ಥೆಗೆ ತಾನು ಕೊಟ್ಟ ಮಾತು ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಇದನ್ನೇ ಇಂದು ಸಾಧಿಸಿ ತೋರಿಸಲು ಯತ್ನಿಸುತ್ತೇನೆ.

ಮೊದಲು ಆ ವ್ಯವಸ್ಥೆಯ ಒಳಗನ್ನು ಸ್ವಲ್ಪ ನೋಡಬೇಕು. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನಿನಿಂದ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಹುಟ್ಟಿತು. 65 ದಾಟಿದವರಿಗೆ ಆಸ್ಪತ್ರೆಯ ಖರ್ಚಿಗೆ ‘ಎ’ ಭಾಗ, ವೈದ್ಯರ ಶುಲ್ಕ ಮತ್ತು ಹೊರರೋಗಿ ಚಿಕಿತ್ಸೆಗೆ ‘ಬಿ’ ಭಾಗ, 2006ರಿಂದ ಔಷಧಿಗೆ ‘ಡಿ’ ಭಾಗ. ‘ಬಿ’ ಭಾಗ ಸಾಮಾನ್ಯವಾಗಿ ಕೊಡುವುದು ಒಪ್ಪಿತ ದರದ ಶೇ. 80ನ್ನು, ಮಿಕ್ಕ ಶೇ. 20ಕ್ಕೆ ಮೂಲ ಮೆಡಿಕೇರ್‌ನಲ್ಲಿ ಮೇಲ್ಮಿತಿಯೇ ಇಲ್ಲ. ಈ ಕಂದಕವನ್ನು ತುಂಬಲು ಮೆಡಿಗ್ಯಾಪ್ ಎಂಬ ಪೂರಕ ವಿಮೆ ಕೊಳ್ಳಬೇಕು, ಇಲ್ಲವೆ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗೆ ಸೇರಬೇಕು, ಇಲ್ಲವೆ ಹಳೆಯ ಮಾಲೀಕರು ನಿವೃತ್ತರಿಗೆಂದು ನಡೆಸುವ ಗುಂಪು ವಿಮೆಯಲ್ಲಿ ಇರಬೇಕು. ಈ ಪ್ರತಿಯೊಂದು ಬಾಗಿಲಿಗೂ ಗಡುವಿದೆ, ತಪ್ಪಿದವರಿಗೆ ದಂಡವೋ ನಿರಾಕರಣೆಯೋ ಕಾದಿರಬಹುದು. ‘ಬಿ’ ಭಾಗಕ್ಕೆ ತಡವಾಗಿ ಸೇರಿದರೆ ತಪ್ಪಿದ ಪ್ರತಿ ಪೂರ್ಣ 12 ತಿಂಗಳಿಗೆ ಶೇ. 10ರಷ್ಟು ಹೆಚ್ಚು ಕಂತು, ಅದೂ ಜೀವನಪರ್ಯಂತ. 2025ರಲ್ಲಿ ಮಾಸಿಕ ಕಂತು 185 ಡಾಲರ್ ಇತ್ತು. ಮೂರು ವರ್ಷ ತಡಮಾಡಿದವರು ಅದರ ಮೇಲೆ ತಿಂಗಳಿಗೆ 55 ಡಾಲರಿಗೂ ಹೆಚ್ಚು ದಂಡ ತೆರಬೇಕಿತ್ತು, ಕಂತು ಏರಿದಂತೆ ದಂಡವೂ ಏರುತ್ತದೆ. ಮೆಡಿಗ್ಯಾಪ್‌ನ ಕಟ್ಟಳೆ ಇನ್ನೂ ಕಠಿಣ. 65 ದಾಟಿ ‘ಬಿ’ ಭಾಗಕ್ಕೆ ಸೇರಿದ ಮೊದಲ ಆರು ತಿಂಗಳು ವಿಮಾ ಕಂಪನಿ ಯಾರನ್ನೂ ತಿರಸ್ಕರಿಸುವಂತಿಲ್ಲ. ಆ ಕಾಲ ಕಳೆದ ಮೇಲೆ, ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ಬಿಟ್ಟರೆ ಬಹುತೇಕ ಕಡೆ, ಕೆಲವು ವಿಶೇಷ ಸಂದರ್ಭಗಳನ್ನು ಹೊರತುಪಡಿಸಿ, ಕಾಯಿಲೆಯ ಚರಿತ್ರೆ ಕೇಳಿ ಇಲ್ಲವೆನ್ನಬಹುದು. ಎಂಬತ್ತರ ವಿಧವೆಯೊಬ್ಬರು ಗಂಡನ ಮರಣಾನಂತರದ ಗೊಂದಲದಲ್ಲಿ ತಪ್ಪು ಕಾಗದಕ್ಕೆ ಸಹಿ ಹಾಕಿದರೆ ಅದನ್ನು ಮರುವರ್ಷ ಸರಿಪಡಿಸಿಕೊಳ್ಳಬಹುದು ಎಂಬ ಖಾತ್ರಿಯಿಲ್ಲ. ಇಂಥ ಕಡೆ ಸರಿಯಾದ ಹೊತ್ತಿಗೆ ಸರಿಯಾದ ಮಾತು ಹೇಳುವವರು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಡಾಲರುಗಳಲ್ಲೇ ಲೆಕ್ಕ ಹಾಕಬಹುದು.

ಈಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಡೆಗೆ ಬರುತ್ತೇನೆ. 1868ರಲ್ಲಿ ಸ್ಥಾಪನೆಯಾದ, ಬರ್ಕ್ಲಿಯಿಂದ ಮರ್ಸೆಡ್‌ವರೆಗೆ ಹತ್ತು ಕ್ಯಾಂಪಸ್‌ಗಳಿರುವ ಸಂಸ್ಥೆ ಅದು. ಸಂಬಳದಲ್ಲಿ ಖಾಸಗಿ ವಿಶ್ವವಿದ್ಯಾಲಯಗಳೊಡನೆ ಸ್ಪರ್ಧಿಸುವುದು ಕಷ್ಟವಾದಾಗಲೂ ಪಿಂಚಣಿ ಮತ್ತು ನಿವೃತ್ತಿ ನಂತರದ ಆರೋಗ್ಯ ವಿಮೆಯ ಬಲದಿಂದ ಅದು ವಿದ್ವಾಂಸರನ್ನು ಹಿಡಿದಿಟ್ಟುಕೊಂಡಿತು. ಕ್ಯಾಂಪಸ್‌ಗಳಲ್ಲಿ ಆರೋಗ್ಯ ಸೌಲಭ್ಯದ ಸಹಾಯಕರೆಂಬ ಹುದ್ದೆಯಿತ್ತು. ವಿಮಾ ಕಂಪನಿ ಬಿಲ್ಲು ತಿರಸ್ಕರಿಸಿದರೆ, ವೈದ್ಯರು ಪಟ್ಟಿಯಿಂದ ಬಿಟ್ಟುಹೋದರೆ ಹೋಗಿ ಕೂತು ಹೇಳಿಕೊಳ್ಳಬಹುದಾದ, ವಿಶ್ವವಿದ್ಯಾಲಯದ್ದೇ ಸಂಬಳ ಪಡೆಯುವ ಮನುಷ್ಯರು ಅವರು. 2010ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ನಿವೃತ್ತರ ವಿಮೆಗೆ ತಾನು ಕೊಡುವ ಪಾಲನ್ನು ಹಂತಹಂತವಾಗಿ ಒಟ್ಟು ವೆಚ್ಚದ ಶೇ. 70ರ ತಳಮಟ್ಟದವರೆಗೆ ಇಳಿಸಲು ತೀರ್ಮಾನಿಸಿತು. 2013ರ ಜುಲೈ ನಂತರ ಸೇರಿದವರಿಗೆ ಅರ್ಹತೆಯ ನಿಯಮವನ್ನೂ ಬಿಗಿ ಮಾಡಿತು. ಇದಕ್ಕೊಂದು ಲೆಕ್ಕಪತ್ರದ ಕಾರಣವೂ ಇದೆ. ಪಿಂಚಣಿಗೆ ನಿಧಿಯಿದೆ, ಆರೋಗ್ಯ ವಿಮೆಗೆ ಹೆಚ್ಚು ಕಡಿಮೆ ಆಯಾ ವರ್ಷದ ಖರ್ಚನ್ನು ಆಯಾ ವರ್ಷವೇ ಕೊಡುವ ಪದ್ಧತಿ. ಮುಂದಿನ ದಶಕಗಳಲ್ಲಿ ತೆರಬೇಕಾದ ಆ ಬಾಕಿಯನ್ನು ಲೆಕ್ಕಪತ್ರದಲ್ಲಿ ತೋರಿಸಲೇಬೇಕೆಂಬ ನಿಯಮ ಅಮೆರಿಕದ ಸಾರ್ವಜನಿಕ ಸಂಸ್ಥೆಗಳಿಗೆ ಬಂದಾಗ, ಅಷ್ಟು ವರ್ಷ ಕಣ್ಣಿಗೆ ಬೀಳದಿದ್ದ ಸಾಲ ಒಮ್ಮೆಲೇ ಪುಟದ ಮೇಲೆ ಬಂದು ಕೂತಿತು.

2014ರ ಜನವರಿಯಿಂದ ಮುಂದಿನ ಹೆಜ್ಜೆ. ಕ್ಯಾಲಿಫೋರ್ನಿಯಾದ ಹೊರಗೆ ನೆಲೆಸಿದ, ಮೆಡಿಕೇರ್‌ಗೆ ಅರ್ಹರಾದ ನಿವೃತ್ತರನ್ನು ಗುಂಪು ವಿಮೆಯಿಂದ ತೆಗೆದು ಎಕ್ಸ್‌ಟೆಂಡ್ ಹೆಲ್ತ್ ಎಂಬ ಖಾಸಗಿ ವಿಮಾ ಮಾರುಕಟ್ಟೆಗೆ ಕಳಿಸಲಾಯಿತು. 2012ರಲ್ಲಿ ಟವರ್ಸ್ ವಾಟ್ಸನ್ 43.5 ಕೋಟಿ ಡಾಲರಿಗೆ ಕೊಂಡ ಈ ಕಂಪನಿ ಮುಂದೆ ಒನ್‌ಎಕ್ಸ್‌ಚೇಂಜ್ ಆಯಿತು, ಈಗ ವಯಾ ಬೆನಿಫಿಟ್ಸ್ ಆಗಿದೆ. ಮೂರು ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಹೊಣೆಯೂ ವೃದ್ಧರದೇ. ವಿಶ್ವವಿದ್ಯಾಲಯ ಪ್ರತಿಯೊಬ್ಬರ ಹೆಸರಿಗೆ ವರ್ಷಕ್ಕೆ 3,000 ಡಾಲರಿನ ಮರುಪಾವತಿ ಖಾತೆ ತೆರೆಯಿತು. ನಿವೃತ್ತರು ಕಂಪನಿಯ ಸಲಹೆಗಾರರೊಡನೆ ಫೋನಿನಲ್ಲಿ ಮಾತಾಡಿ ಪಾಲಿಸಿ ಆರಿಸಿ, ಕಂತು ಕಟ್ಟಿ, ಖರ್ಚಿನ ಪುರಾವೆ ಕೊಟ್ಟು ಆ ಖಾತೆಯಿಂದ ಹಣ ಹಿಂದಕ್ಕೆ ಪಡೆಯಬೇಕು. ನ್ಯಾಯವಾಗಿ ಹೇಳಬೇಕೆಂದರೆ ಕೆಲವರಿಗೆ ಇದರಿಂದ ಲಾಭವೇ ಆಗಿರಬಹುದು. ಕ್ಯಾಲಿಫೋರ್ನಿಯಾಕ್ಕೆಂದು ರೂಪಿಸಿದ ಯೋಜನೆ ಆರಿಜೋನಾದ ಸಣ್ಣ ಊರಿನಲ್ಲಿರುವವರಿಗೆ ಹೊಂದದೆ ಹೋಗುವುದುಂಟು, ಅಲ್ಲಿನ ಪೇಟೆಯಲ್ಲಿ ಅಗ್ಗದ ಪಾಲಿಸಿ ಸಿಗುವುದೂ ಉಂಟು. ಆದರೆ ಮೊದಲು ಸಂಸ್ಥೆ ಮಾಡುತ್ತಿದ್ದ ಕೆಲಸವನ್ನೆಲ್ಲ, ಹೋಲಿಸುವುದು, ಚೌಕಾಸಿ ಮಾಡುವುದು, ಕಾಗದ ಕಳಿಸುವುದು ಎಲ್ಲವನ್ನೂ, ಈಗ ನಿವೃತ್ತರೇ ಮಾಡಬೇಕು. ಆ ಕೆಲಸಕ್ಕೆ ಅವರು ದಿನದಿನಕ್ಕೂ ಹೆಚ್ಚು ಅಶಕ್ತರಾಗುವ ವಯಸ್ಸಿನಲ್ಲಿ ಅದು ಅವರ ಪಾಲಿಗೆ ಬಂದಿದೆ. ಕಂಪನಿಗಳಲ್ಲೂ ಇದೇ ಗಾಳಿ ಬೀಸಿತ್ತು. 2013ರಲ್ಲಿ ಐಬಿಎಂ ತನ್ನ ಸುಮಾರು 1,10,000 ನಿವೃತ್ತರನ್ನು ಇದೇ ಮಾರುಕಟ್ಟೆಗೆ ಸಾಗಿಸುವುದಾಗಿ ಪ್ರಕಟಿಸಿತು.

ಇಲ್ಲಿ ಸಲಹೆ ಕೊಡುವವರಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಎಕ್ಸ್‌ಟೆಂಡ್ ಹೆಲ್ತ್‌ನಂಥ ಮಾರುಕಟ್ಟೆಗಳ ಮುಖ್ಯ ಆದಾಯ ವಿಮಾ ಕಂಪನಿಗಳು ಕೊಡುವ ಕಮಿಷನ್. ವಿಶ್ವವಿದ್ಯಾಲಯಕ್ಕೆ ಈ ಸೇವೆ ಅಗ್ಗವಾಗಿ ಕಾಣುವುದಕ್ಕೆ ಇದೊಂದು ದೊಡ್ಡ ಕಾರಣ: ಬಿಲ್ಲನ್ನು ಬೇರೆಯವರು ಕಟ್ಟುತ್ತಿದ್ದಾರೆ. 2025ರಲ್ಲಿ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗೆ ಹೊಸಬರೊಬ್ಬರನ್ನು ಸೇರಿಸಿದ ಏಜೆಂಟಿಗೆ ಕೊಡಬಹುದಾದ ಗರಿಷ್ಠ ಮೊತ್ತ ದೇಶದ ಹೆಚ್ಚಿನ ಭಾಗದಲ್ಲಿ 626 ಡಾಲರ್ ಇತ್ತು, ನವೀಕರಣಕ್ಕೆ ಅದರರ್ಧ. ಮೆಡಿಗ್ಯಾಪ್ ಕಮಿಷನ್ನಿಗೆ ಕೇಂದ್ರ ಸರ್ಕಾರದ ಮಿತಿಯಿಲ್ಲ. ಫೋನಿನಲ್ಲಿ ಮಾತಾಡುವ ಯುವಕ ಸಂಬಳದಾರನೇ ಇರಬಹುದು, ಪ್ರಾಮಾಣಿಕನೂ ಇರಬಹುದು. ಅವನ ಕಂಪನಿ ಯಾವ ಮಾರಾಟದಿಂದ ಬದುಕುತ್ತದೆ ಎಂಬುದು ಅವನ ಮುಂದಿನ ಪರದೆಯ ವಿನ್ಯಾಸದಲ್ಲಿ, ಅವನಿಗೆ ಕೊಟ್ಟ ತರಬೇತಿಯಲ್ಲಿ ಸೇರಿಕೊಂಡಿರುತ್ತದೆ. ‘ನಿಮಗೆ ಈಗಿರುವುದೇ ಸಾಕು, ಏನೂ ಬದಲಾಯಿಸಬೇಡಿ’ ಎಂಬ ಸಲಹೆಯೇ ಅನೇಕ ಸಲ ಅತ್ಯುತ್ತಮ ಸಲಹೆ. ಅದನ್ನು ಹೇಳಿದರೆ ಹೊಸ ಕಮಿಷನ್ ಬರುವುದಿಲ್ಲ. ಕ್ಯಾಂಪಸ್ಸಿನ ಸಹಾಯಕರಿಗೆ ಆ ಮಾತು ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ಖಾಸಗಿ ಕಂಪನಿಗಳ ನೌಕರರಿಗಾದರೆ 1974ರ ಎರಿಸಾ ಕಾನೂನಿನ ರಕ್ಷಣೆಯಿದೆ. ಸೌಲಭ್ಯ ನಿರ್ವಹಿಸುವವರು ಫಲಾನುಭವಿಗಳ ಹಿತಕ್ಕೇ ಬದ್ಧರಾಗಿರಬೇಕೆಂದು ಅದು ವಿಧಿಸುತ್ತದೆ. ಸರ್ಕಾರಿ ಸಂಸ್ಥೆಗಳ ಯೋಜನೆಗಳು ಆ ಕಾನೂನಿನ ವ್ಯಾಪ್ತಿಯಿಂದಲೇ ಹೊರಗೆ. ಸಾರ್ವಜನಿಕ ವಿಶ್ವವಿದ್ಯಾಲಯ ತಾನೇ ನೈತಿಕವಾಗಿ ನಡೆದುಕೊಳ್ಳುತ್ತದೆ, ಅದನ್ನು ಕಾನೂನಿನಿಂದ ಕಟ್ಟಬೇಕಿಲ್ಲ ಎಂಬ ನಂಬಿಕೆ ಈ ವಿನಾಯಿತಿಯ ಹಿಂದೆ ಎಲ್ಲೋ ಇದ್ದಿರಬೇಕು. ಹೊಣೆಯನ್ನು ಹೊರಗೆ ದಾಟಿಸಿದ ಮೇಲೆ ಆ ನಂಬಿಕೆ ಯಾರ ಮೇಲೆ ನಿಲ್ಲುತ್ತದೆ?

ಒಪ್ಪಂದವನ್ನೇ ಗಟ್ಟಿಯಾಗಿ ಬರೆದರಾಯಿತು, ಎಷ್ಟು ಸೆಕೆಂಡಿನಲ್ಲಿ ಫೋನು ಎತ್ತಬೇಕು, ಎಷ್ಟು ದಿನದಲ್ಲಿ ಹಣ ಕೊಡಬೇಕು ಎಂದು ವಿಧಿಸಿದರಾಯಿತು ಎನ್ನುವವರಿದ್ದಾರೆ. ಅರ್ಥಶಾಸ್ತ್ರಜ್ಞ ಆಲಿವರ್ ಹಾರ್ಟ್ 1997ರಲ್ಲಿ ಆಂದ್ರೇ ಶ್ಲೈಫರ್ ಮತ್ತು ರಾಬರ್ಟ್ ವಿಷ್ಣಿ ಅವರೊಡನೆ ಬರೆದ ಲೇಖನವೊಂದು ಖಾಸಗಿ ಜೈಲುಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದೇ ಪ್ರಶ್ನೆಯನ್ನು ಕೇಳಿತು. ಒಪ್ಪಂದದಲ್ಲಿ ಬರೆಯಲಾಗದ ಗುಣ ಎಷ್ಟು ಮುಖ್ಯವೋ, ಖರ್ಚು ಉಳಿಸುವ ಭರದಲ್ಲಿ ಆ ಗುಣ ಎಷ್ಟು ಸವೆಯುತ್ತದೋ, ಅಷ್ಟರ ಮಟ್ಟಿಗೆ ಕೆಲಸವನ್ನು ಸರ್ಕಾರವೇ ಇಟ್ಟುಕೊಳ್ಳುವುದು ಲೇಸು ಎಂಬುದು ಅವರ ತೀರ್ಮಾನದ ಸಾರ. ಅದೇ ದಶಕದಲ್ಲಿ ಬೆಂಟ್ ಹೋಮ್‌ಸ್ಟ್ರಾಮ್ ಅವರು ಪಾಲ್ ಮಿಲ್‌ಗ್ರಾಮ್ ಜೊತೆಗೂಡಿ ತೋರಿಸಿದ್ದು, ಅಳೆಯಬಹುದಾದ ಕೆಲಸಕ್ಕೆ ಬಹುಮಾನ ಕೊಟ್ಟಾಗ ಅಳೆಯಲಾಗದ ಕೆಲಸ ಹಿಂದೆ ಬೀಳುತ್ತದೆ ಎಂಬುದನ್ನು. ಹಾರ್ಟ್ ಮತ್ತು ಹೋಮ್‌ಸ್ಟ್ರಾಮ್ 2016ರ ನೊಬೆಲ್ ಹಂಚಿಕೊಂಡರು. ಈ ಎರಡೂ ಮಾತುಗಳನ್ನು ನಮ್ಮ ಪ್ರಕರಣಕ್ಕೆ ಹಚ್ಚಿ ನೋಡಿ. ಕರೆಗೆ ಉತ್ತರಿಸಿದ ವೇಗವನ್ನು ಅಳೆಯಬಹುದು. ಕೇಳಿದ ಪ್ರಶ್ನೆಯ ಹಿಂದೆ ಕೇಳದೆ ಉಳಿದ ಪ್ರಶ್ನೆಯನ್ನು ಗುರುತಿಸಿ, ‘ಅಮ್ಮಾ, ನೀವು ಬಿ ಭಾಗದ ಕಂತು ನಿಲ್ಲಿಸಿದ್ದೀರಾ?’ ಎಂದು ತಾನಾಗಿ ವಿಚಾರಿಸುವ ಗುಣವನ್ನು ಯಾವ ವಕೀಲ ಕಲಮಿನಲ್ಲಿ ಬರೆದಾನು? ಹತ್ತು ನಿಮಿಷದಲ್ಲಿ ಮುಗಿಸಿದ ಕರೆ ವರದಿಯಲ್ಲಿ ಯಶಸ್ಸು. ಅದೇ ವೃದ್ಧೆ ಮತ್ತೆ ಮೂರು ಸಲ ಕರೆ ಮಾಡಿದರೆ ವರದಿಯಲ್ಲಿ ಒಟ್ಟು ನಾಲ್ಕು ಯಶಸ್ಸು.

ಆದರೆ ನನ್ನ ಹೆಚ್ಚಿನ ಚಿಂತೆ ಇರುವುದು ಇನ್ನೊಂದು ಕಡೆ. ಆಲ್ಬರ್ಟ್ ಹಿರ್ಷ್‌ಮನ್ 1970ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ, ಸಂಸ್ಥೆಯೊಂದು ಕೆಡುತ್ತಿದೆ ಎಂದು ಅದಕ್ಕೆ ಗೊತ್ತಾಗುವುದು ಎರಡು ದಾರಿಯಿಂದ ಎಂದರು: ಜನ ಬಿಟ್ಟುಹೋಗುತ್ತಾರೆ, ಇಲ್ಲವೆ ದನಿಯೆತ್ತುತ್ತಾರೆ. ನಿವೃತ್ತರು ಬಿಟ್ಟುಹೋಗಲಾರರು. ಮೂವತ್ತು ವರ್ಷದ ದುಡಿಮೆಯ ಫಲವನ್ನು ತೊರೆದು ಬೇರೆ ವಿಶ್ವವಿದ್ಯಾಲಯದಿಂದ ನಿವೃತ್ತರಾಗಲು ಬರುವುದಿಲ್ಲ. ಮಿಕ್ಕಿರುವುದು ದನಿಯೊಂದೇ. ಆ ದನಿ ಕ್ಯಾಂಪಸ್ಸಿನ ಕಚೇರಿಗೆ ಬರುತ್ತಿದ್ದಾಗ, ಒಂದೇ ವಿಮಾ ಕಂಪನಿಯ ಬಗ್ಗೆ ಒಂದೇ ತಿಂಗಳಲ್ಲಿ ಇಪ್ಪತ್ತು ಜನ ಬಂದು ಗೊಣಗಿದರೆ ಆ ಸಹಾಯಕರು ಮೇಲಿನವರಿಗೆ ಮುಟ್ಟಿಸುತ್ತಿದ್ದರು. ಮರುವರ್ಷ ಆ ಕಂಪನಿಯೊಡನೆ ಚೌಕಾಸಿಗೆ ಕೂತಾಗ ಅದು ವಿಶ್ವವಿದ್ಯಾಲಯದ ಕೈಯಲ್ಲಿನ ಬಲವಾಗುತ್ತಿತ್ತು. ಈಗ ಅದೇ ಗೊಣಗಾಟ ಗುತ್ತಿಗೆದಾರರ ದತ್ತಾಂಶವಾಗಿ ಸೇರುತ್ತದೆ, ತ್ರೈಮಾಸಿಕ ವರದಿಯಲ್ಲಿ ಶೇಕಡಾವಾರು ತೃಪ್ತಿಯ ಅಂಕಿಯಾಗಿ ವಿಶ್ವವಿದ್ಯಾಲಯಕ್ಕೆ ತಲುಪುತ್ತದೆ. ವರದಿ ಬರೆಯುವವರೂ ವರದಿಯ ಮೇಲೆ ಗುತ್ತಿಗೆ ಮುಂದುವರಿಸಿಕೊಳ್ಳುವವರೂ ಒಬ್ಬರೇ. ಕೆಲವೇ ವರ್ಷಗಳಲ್ಲಿ ಮೆಡಿಕೇರ್‌ನ ಸಿಕ್ಕುಗಳನ್ನು ಬಲ್ಲವರು ವಿಶ್ವವಿದ್ಯಾಲಯದಲ್ಲಿ ಒಬ್ಬರೂ ಉಳಿಯುವುದಿಲ್ಲ. ಆಗ ಗುತ್ತಿಗೆದಾರರು ಹೇಳಿದ್ದು ಸರಿಯೋ ತಪ್ಪೋ ಎಂದು ಅಳೆಯಲು ಆ ಗುತ್ತಿಗೆದಾರರನ್ನೇ ಕೇಳಬೇಕಾಗುತ್ತದೆ.

ಲಿವರ್‌ಮೋರ್ ಪ್ರಕರಣ ಈ ದಾರಿಯ ತುದಿಯಲ್ಲಿ ಏನಿದೆ ಎಂದು ತೋರಿಸುತ್ತದೆ. 1952ರಲ್ಲಿ ಸ್ಥಾಪನೆಯಾದ ಲಾರೆನ್ಸ್ ಲಿವರ್‌ಮೋರ್ ಅಣ್ವಸ್ತ್ರ ಪ್ರಯೋಗಾಲಯವನ್ನು ದಶಕಗಳ ಕಾಲ ನಡೆಸಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅಲ್ಲಿನ ವಿಜ್ಞಾನಿಗಳೂ ತಂತ್ರಜ್ಞರೂ ಅದರ ನೌಕರರೇ. 2007ರ ಅಕ್ಟೋಬರಿನಲ್ಲಿ ನಿರ್ವಹಣೆ ಹೊಸ ಕಂಪನಿಯೊಂದಕ್ಕೆ ಹೋಯಿತು. ವಿಶ್ವವಿದ್ಯಾಲಯ ಅದರಲ್ಲಿ ಪಾಲುದಾರ ಅಷ್ಟೆ. ಆಗಲೇ ನಿವೃತ್ತರಾಗಿದ್ದವರ ಆರೋಗ್ಯ ಸೌಲಭ್ಯವನ್ನೂ ಆ ಕಂಪನಿಗೆ ವರ್ಗಾಯಿಸಲಾಯಿತು, ಹೊಸ ಕಂಪನಿಗೆ ಒಂದು ದಿನವೂ ದುಡಿಯದ ಜನ ಅವರು. ಕೆಲವರು ಮೊಕದ್ದಮೆ ಹೂಡಿದರು. ವಿಶ್ವವಿದ್ಯಾಲಯದ ಹಳೆಯ ಕೈಪಿಡಿಗಳು, ಪ್ರಕಟಣೆಗಳು, ದಶಕಗಳ ನಡವಳಿಕೆ ಇವೆಲ್ಲ ಸೇರಿ ಒಂದು ಸೂಚಿತ ಒಪ್ಪಂದವಾಗಬಲ್ಲವು, ವಾದ ಮುಂದುವರಿಯಲಿ ಎಂದು 2012ರ ಡಿಸೆಂಬರ್ 31ರಂದು ರಾಜ್ಯದ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ವರ್ಷಗಟ್ಟಲೆ ನಡೆದ ವ್ಯಾಜ್ಯ ಕೊನೆಗೆ 8.45 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಆ ಪೀಳಿಗೆಯ ಎಷ್ಟೋ ಜನ ತೀರಿಹೋಗಿದ್ದರು. ನಿವೃತ್ತರ ವ್ಯಾಜ್ಯದಲ್ಲಿ ಕಾಲ ಯಾವಾಗಲೂ ಪ್ರತಿವಾದಿಯ ಪಕ್ಷದಲ್ಲಿರುತ್ತದೆ.

ಇಷ್ಟು ಹೇಳಿದ ಮೇಲೆ ಎದುರುವಾದಗಳನ್ನು ಕೇಳಲೇಬೇಕು, ಅವು ಹಗುರವಾದವೂ ಅಲ್ಲ. ಒಳಗಿನ ಕಚೇರಿ ಏನು ಸ್ವರ್ಗವೇ ಎಂಬುದು ಮೊದಲನೆಯದು. ಅಲ್ಲ. 2019ರಲ್ಲಿ ಇದೇ ವಿಶ್ವವಿದ್ಯಾಲಯ ತನ್ನ ಸ್ವಂತ ನಿವೃತ್ತಿ ಸೇವಾ ಕೇಂದ್ರದಲ್ಲಿ ರೆಡ್‌ವುಡ್ ಎಂಬ ಹೊಸ ಗಣಕ ವ್ಯವಸ್ಥೆಗೆ ಬದಲಾದಾಗ ಕರೆಗಳು ಕಾದು ಕಾದು ಕಡಿದುಹೋಗುತ್ತಿದ್ದವು, ಕಾಗದಗಳು ತಡವಾಗುತ್ತಿದ್ದವು. ಒಳಗಿನವರೆಂದ ಮಾತ್ರಕ್ಕೆ ದಕ್ಷತೆ ಬರುವುದಿಲ್ಲ ಎಂಬುದನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಆಗ ನಿವೃತ್ತರ ಮತ್ತು ಎಮೆರಿಟಸ್ ಪ್ರಾಧ್ಯಾಪಕರ ಸಂಘಗಳು ನೇರ ವಿಶ್ವವಿದ್ಯಾಲಯದ ಅಧ್ಯಕ್ಷರ ಕಚೇರಿಯ ಮೇಲೆ ಒತ್ತಡ ತರಬಹುದಾಗಿತ್ತು. ತಪ್ಪಿಗೆ ಒಡೆಯರು ಯಾರು ಎಂದು ಹುಡುಕಬೇಕಿರಲಿಲ್ಲ. ಹತ್ತು ಕ್ಯಾಂಪಸ್ಸಿನಲ್ಲಿ ಹತ್ತು ಬಗೆಯ ಉತ್ತರ ಸಿಗುವುದಕ್ಕಿಂತ ಒಂದೇ ಕೇಂದ್ರದಿಂದ ಒಂದೇ ಬಗೆಯ ಉತ್ತರ ಸಿಗುವುದು ಮೇಲಲ್ಲವೇ ಎಂಬುದು ಎರಡನೆಯದು. ಮೇಲೇ ಸರಿ. ಆದರೆ ಒಂದುಗೂಡಿಸುವುದು ಬೇರೆ, ಹೊರಗೆ ಕೊಡುವುದು ಬೇರೆ. ಮೊದಲನೆಯದರ ಲಾಭವನ್ನು ಎರಡನೆಯದರ ಜಮೆಗೆ ಬರೆಯಬಾರದು. ವೆಚ್ಚದ ವಾದಕ್ಕೂ ಬೆಲೆ ಇದೆ, ಶುಲ್ಕ ಕಟ್ಟುವ ವಿದ್ಯಾರ್ಥಿಯ ಹಣದಲ್ಲಿ ನಿವೃತ್ತರ ಕಚೇರಿ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೆಲವೇ ಸಹಾಯಕರ ಸಂಬಳ ಇಡೀ ಆರೋಗ್ಯ ಸೌಲಭ್ಯದ ಖರ್ಚಿನ ಮುಂದೆ ತೀರಾ ಸಣ್ಣದು. ದೊಡ್ಡ ಉಳಿತಾಯ ಬರುವುದು ವಿಮೆಯ ಪಾಲನ್ನು ಇಳಿಸಿದಾಗ, ಫೋನು ಎತ್ತುವವರನ್ನು ತೆಗೆದಾಗ ಅಲ್ಲ.

ಕಾನೂನಿನ ವಾದ ಮೂರನೆಯದು: ನಿವೃತ್ತರ ಆರೋಗ್ಯ ಸೌಲಭ್ಯ ಹಕ್ಕೇ ಅಲ್ಲ, ಬೇಕಾದಾಗ ಬದಲಿಸಬಹುದು ಎಂದು ವಿಶ್ವವಿದ್ಯಾಲಯ ತನ್ನ ಕೈಪಿಡಿಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ನ್ಯಾಯಾಲಯಗಳೂ ಈ ವಿಷಯದಲ್ಲಿ ಮಾಲೀಕರ ಕಡೆಗೇ ಹೆಚ್ಚು ವಾಲಿವೆ. ಹಾಗಿದ್ದರೂ ನ್ಯೂಯಾರ್ಕ್ ನಗರದ ಉದಾಹರಣೆ ನೋಡಿ. ಸುಮಾರು 2,50,000 ನಿವೃತ್ತ ನೌಕರರನ್ನು ಮೂಲ ಮೆಡಿಕೇರ್‌ನಿಂದ ಖಾಸಗಿ ಅಡ್ವಾಂಟೇಜ್ ಯೋಜನೆಗೆ ಸಾಗಿಸಿ ವರ್ಷಕ್ಕೆ 60 ಕೋಟಿ ಡಾಲರ್ ಉಳಿಸಲು ನಗರಾಡಳಿತ 2021ರಿಂದ ಹೋರಾಡಿತು. ಕೆಳಗಿನ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಸೋತು, 2025ರ ಜೂನ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ಗೆದ್ದಿತು. ಗೆದ್ದ ಕೆಲವೇ ದಿನಗಳಲ್ಲಿ ಮೇಯರ್ ಎರಿಕ್ ಆ್ಯಡಮ್ಸ್ ಈ ಬದಲಾವಣೆಯನ್ನು ಜಾರಿಗೆ ತರುವುದಿಲ್ಲ ಎಂದರು. ಮಾಡಲು ಅಧಿಕಾರವಿದೆ ಎಂಬುದು ಮಾಡಬೇಕು ಎಂಬುದಕ್ಕೆ ಸಾಕಾಗಲಿಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಎಂದರೆ, ಇದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿ ನಿವೃತ್ತರಾದ ಕನ್ನಡಿಗರು ಈಗ ಸಾಕಷ್ಟು ಇದ್ದಾರೆ. ವರ್ಷದ ಕೆಲವು ತಿಂಗಳು ಮೈಸೂರಿನಲ್ಲೋ ಧಾರವಾಡದಲ್ಲೋ ಕಳೆಯುವವರಿದ್ದಾರೆ. ಮೆಡಿಕೇರ್ ಕೆಲವೇ ಅಪವಾದಗಳನ್ನು ಬಿಟ್ಟರೆ ಹೊರದೇಶದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಊರಿಗೆ ಬಂದೆವೆಂದು ‘ಬಿ’ ಭಾಗ ಬಿಟ್ಟು, ಮಕ್ಕಳ ಬಳಿಗೆ ಮರಳಿದಾಗ ಮತ್ತೆ ಸೇರಹೋದರೆ ಆಗಲೇ ಹೇಳಿದ ಆಜೀವ ದಂಡ ಕಾದಿರುತ್ತದೆ. ಇದು ಸಿದ್ಧ ಉತ್ತರಗಳ ಪಟ್ಟಿಯಲ್ಲಿ ಸಿಗುವ ಪ್ರಶ್ನೆಯಲ್ಲ. ಭಾರತದಲ್ಲೂ 2001ರ ನಿಯಮಗಳಿಂದ ಆರೋಗ್ಯ ವಿಮೆಗೆ ಮಧ್ಯವರ್ತಿಗಳಾಗಿ ಟಿಪಿಎ (ಥರ್ಡ್ ಪಾರ್ಟಿ ಅಡ್ಮಿನಿಸ್ಟ್ರೇಟರ್) ಸಂಸ್ಥೆಗಳು ಬಂದವು. ಆಸ್ಪತ್ರೆಯ ಟಿಪಿಎ ಕೌಂಟರಿನ ಮುಂದೆ ನಿಂತವರಿಗೆ ನಾನು ವಿವರಿಸುತ್ತಿರುವುದು ಅಪರಿಚಿತವಲ್ಲ: ವಿಮಾ ಕಂಪನಿ ಟಿಪಿಎ ಕಡೆ ಕೈ ತೋರುತ್ತದೆ, ಟಿಪಿಎ ವಿಮಾ ಕಂಪನಿಯ ಕಡೆ. ಸಾರ್ವಜನಿಕ ರಂಗದ ವಿಮಾ ಕಂಪನಿಗಳೇ ಕೂಡಿ 2013ರಲ್ಲಿ ತಮ್ಮದೇ ಟಿಪಿಎ ಕಟ್ಟಿಕೊಂಡದ್ದು ಗಮನಿಸಬೇಕಾದ ಸಂಗತಿ. ನಮ್ಮ ರಾಜ್ಯದಲ್ಲಿ 2010ರ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡವರಿಗೆ ಸೌಲಭ್ಯ ಘೋಷಿಸಿ ಸುಮ್ಮನಾಗಲಿಲ್ಲ. ಆಸ್ಪತ್ರೆಗಳಲ್ಲಿ ಕೈಹಿಡಿದು ನಡೆಸಲು ಆರೋಗ್ಯಮಿತ್ರರನ್ನು ಇಟ್ಟಿತು. ಸೌಲಭ್ಯಕ್ಕೆ ಮನುಷ್ಯರು ಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು.

ಹಾಗಾದರೆ ಏನನ್ನೂ ಹೊರಗೆ ಕೊಡಬಾರದೇ? ಕೊಡಬಹುದು. ಕಾರ್ಡು ಮುದ್ರಿಸುವುದು, ಬಿಲ್ಲು ಪರಿಶೀಲಿಸುವುದು, ಮರುಪಾವತಿ ಖಾತೆಯ ಲೆಕ್ಕ ಇಡುವುದು, ನಡುರಾತ್ರಿಯಲ್ಲೂ ಸರಳ ಪ್ರಶ್ನೆಗೆ ಉತ್ತರಿಸುವುದು, ಇವನ್ನು ದೊಡ್ಡ ಕಂಪನಿಗಳು ವಿಶ್ವವಿದ್ಯಾಲಯಕ್ಕಿಂತ ಚೆನ್ನಾಗಿ ಮಾಡಬಲ್ಲವು. ಆದರೆ ಯೋಜನೆ ಆರಿಸುವ ಸಲಹೆ ಕೊಡುವವರು ವಿಮಾ ಕಂಪನಿಯ ಕಮಿಷನ್ನಿನಿಂದ ಬದುಕುವವರಾಗಿರಬಾರದು. ತಿರಸ್ಕೃತ ಬಿಲ್ಲಿನ, ಸಂಗಾತಿಯ ಮರಣದ, ತಪ್ಪಿದ ಗಡುವಿನ ಪ್ರಕರಣಗಳು ವಿಶ್ವವಿದ್ಯಾಲಯದ ಸಂಬಳ ಪಡೆಯುವವರ ಮೇಜಿಗೇ ಬರಬೇಕು. ಕರೆಗಳ ಮೂಲ ದಾಖಲೆ, ಶೇಕಡಾವಾರು ಸಾರಾಂಶವಲ್ಲ, ವಿಶ್ವವಿದ್ಯಾಲಯದ ಸ್ವತ್ತಾಗಿರಬೇಕು. ಗುತ್ತಿಗೆ ನವೀಕರಿಸುವ ಸಮಿತಿಯಲ್ಲಿ ನಿವೃತ್ತರ ಸಂಘದ ಪ್ರತಿನಿಧಿಗಳಿಗೆ ಮತ ಇರಬೇಕು. ಈ ಸಭೆಯಲ್ಲಿ ಸಿಂಡಿಕೇಟ್ ಸದಸ್ಯರಿದ್ದೀರಿ, ಹಣಕಾಸು ಅಧಿಕಾರಿಗಳಿದ್ದೀರಿ, ನಿವೃತ್ತ ಅಧ್ಯಾಪಕರ ಸಂಘದವರಿದ್ದೀರಿ. ನಾಳೆ ನಿಮ್ಮ ಮುಂದೆ ಇಂಥದೊಂದು ಒಪ್ಪಂದ ಬಂದರೆ ದರಪಟ್ಟಿ ನೋಡುವ ಮೊದಲು ದೂರಿನ ಕಲಮನ್ನು ಓದಿ. ಅದರಲ್ಲಿ ನಿಮ್ಮ ಸಂಸ್ಥೆಯ ಒಬ್ಬ ಅಧಿಕಾರಿಯ ಹುದ್ದೆಯಾದರೂ ನಮೂದಾಗಿಲ್ಲದಿದ್ದರೆ ಸಹಿ ಹಾಕಬೇಡಿ.